ಒಸಡಿನಲ್ಲಿ ರಕ್ತ ಬಂದರೆ ಹಲ್ಲುಜ್ಜುವುದನ್ನು ಬಿಡಬೇಡಿ

ಹೈನುಗಾರ ಸಹೋದರಿಯರೇ,

ಕೆಚ್ಚಲು ಬಾವಿನ ಪರೀಕ್ಷೆಗೆ ಕೊಟ್ಟಿಗೆಗೆ ಬಂದಾಗ ನಿಮ್ಮಲ್ಲಿ ಕೆಲವರು ಮಾತಿನ ನಡುವೆ ಹೇಳುತ್ತೀರಿ: "ಡಾಕ್ಟ್ರೇ, ಹಲ್ಲುಜ್ಜಿದ್ರೆ ಒಸಡಲ್ಲಿ ರಕ್ತ ಬರುತ್ತೆ. ಅದಕ್ಕೇ ಆ ಕಡೆ ಉಜ್ಜೋದೇ ಬಿಟ್ಟಿದೀನಿ."

ನಾನು ದನದ ಡಾಕ್ಟರು, ಹಲ್ಲಿನ ಡಾಕ್ಟರಲ್ಲ. ಆದರೂ ಒಂದು ಮಾತು ಕೇಳುತ್ತೇನೆ. ಹಸುವಿನ ಒಂದು ತೊಟ್ಟಿಗೆ ಬಾವು ಬಂದರೆ ಅದನ್ನು ಹಿಂಡದೆ ಬಿಡುತ್ತೀರಾ? ಇಲ್ಲ. ಕೆಟ್ಟ ಹಾಲು ಒಳಗೆ ನಿಂತಷ್ಟೂ ಬಾವು ಹೆಚ್ಚುತ್ತದೆ ಎಂದು ನಿಮಗೆ ಗೊತ್ತು. ಮೆಲ್ಲಗೆ, ಪೂರ್ತಿಯಾಗಿ ಹಿಂಡಿ ತೆಗೆಯುತ್ತೀರಿ. ಒಸಡಿನ ವಿಷಯವೂ ಹಾಗೆಯೇ.

ರಕ್ತ ಏಕೆ ಬರುತ್ತದೆ?

ಹಾಲಿನ ಕ್ಯಾನನ್ನು ಬರೀ ನೀರಿನಲ್ಲಿ ಗಲಬರಿಸಿಟ್ಟರೆ ಅಂಚಿನಲ್ಲಿ ಲೋಳೆ ಉಳಿಯುತ್ತದೆ. ಬ್ರಷ್ ಹಾಕಿ ತಿಕ್ಕಿದರೆ ಮಾತ್ರ ಹೋಗುತ್ತದೆ. ಹಲ್ಲು ಮತ್ತು ಒಸಡು ಸೇರುವ ಅಂಚಿನಲ್ಲೂ ದಿನವೂ ಇಂಥದೇ ರೋಗಾಣುಗಳ ಲೋಳೆ ಕಟ್ಟುತ್ತದೆ. ಅದನ್ನು ತೆಗೆಯದಿದ್ದರೆ ಒಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಹಾಗೇ ಬಿಟ್ಟರೆ ಲೋಳೆ ಗಾರೆಯಂತೆ ಗಟ್ಟಿಯಾಗಿ ಪಾಚಿ ಕಟ್ಟುತ್ತದೆ. ಮುಂದೆ ಹಲ್ಲು ಹಿಡಿದಿರುವ ಮೂಳೆಯೇ ಸವೆದು ಹಲ್ಲು ಅಲುಗಾಡುತ್ತದೆ. ನೋವು ಕಾಣುವುದು ಬಹಳ ತಡವಾಗಿ.

1965ರಲ್ಲಿ ಡೆನ್ಮಾರ್ಕಿನಲ್ಲಿ ಒಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿ ಪರೀಕ್ಷಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡಿಗೂ ಬಾವು ಬಂತು. ಮತ್ತೆ ಉಜ್ಜಲು ಆರಂಭಿಸಿದಾಗ ಸುಮಾರು ಒಂದು ವಾರದಲ್ಲಿ ಒಸಡು ಮೊದಲಿನಂತಾಯಿತು. ಆರಂಭದಲ್ಲೇ ಎಚ್ಚೆತ್ತರೆ ಒಸಡು ಪೂರ್ತಿ ಗುಣವಾಗುತ್ತದೆ.

ಏನು ಮಾಡಬೇಕು?

• ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ, 2 ನಿಮಿಷ ಉಜ್ಜಿ.
• ಮೆತ್ತನೆಯ ಬ್ರಷ್ ಮತ್ತು ಫ್ಲೋರೈಡ್ ಇರುವ ಪೇಸ್ಟ್ ಬಳಸಿ. ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಿ. ರಕ್ತ ಬರುವ ಜಾಗವನ್ನು ಬಿಡಬೇಡಿ.
• ಇಟ್ಟಿಗೆ ಪುಡಿ, ಇದ್ದಿಲು, ಹರಳುಪ್ಪು ಹಾಕಿ ತಿಕ್ಕಬೇಡಿ. ಒಸಡು, ಹಲ್ಲು ಎರಡೂ ಸವೆಯುತ್ತವೆ.
• ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ಅದನ್ನು ಬಿಡಿ. ಒಸಡು ಜಾರುತ್ತದೆ, ಬಾಯಿ ಕ್ಯಾನ್ಸರಿಗೂ ಅದು ದಾರಿ. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲ.
• ಎರಡು ವಾರ ಸರಿಯಾಗಿ ಉಜ್ಜಿದರೂ ರಕ್ತ ನಿಲ್ಲದಿದ್ದರೆ ದಂತ ವೈದ್ಯರಿಗೆ ತೋರಿಸಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ, ಶರಾವತಿ ದಂತ ಕಾಲೇಜು ಇವೆ. ಪಾಚಿ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎನ್ನುವುದು ತಪ್ಪು. ಸಡಿಲ ಮಾಡುವುದು ಪಾಚಿಯೇ.

ಬಸುರಿಯರಲ್ಲಿ ದೇಹದ ಬದಲಾವಣೆಯಿಂದ ಒಸಡು ಬೇಗ ಊದುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಒಸಡಿನ ಬಾವು ಬೇಗ ಹೆಚ್ಚುತ್ತದೆ. ಇವರಿಬ್ಬರೂ ಹೆಚ್ಚು ಎಚ್ಚರ ವಹಿಸಬೇಕು.

ಜ್ವರವೂ ಇದ್ದರೆ ತಡ ಮಾಡಬೇಡಿ

ನಮ್ಮ ಜಿಲ್ಲೆಯವರು ಇದನ್ನು ತಪ್ಪದೆ ನೆನಪಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಕಾಡಿನ ಉಣುಗಿನಿಂದ ಹರಡುತ್ತದೆ. ಬೇಸಿಗೆ ಮುಗಿಯುವವರೆಗೂ ಇದರ ಕಾಟ ಹೆಚ್ಚು. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದು, ಕೆಲವರಿಗೆ ಮೂಗು ಮತ್ತು ಒಸಡಿನಲ್ಲಿ ರಕ್ತ ಬರುತ್ತದೆ. ಡೆಂಗಿಯಲ್ಲೂ ಹೀಗಾಗಬಹುದು. ಇದು ಬ್ರಷ್ಷಿನಿಂದ ಹೋಗುವ ರಕ್ತವಲ್ಲ. ಅಂಗಡಿಯ ನೋವಿನ ಮಾತ್ರೆ ನುಂಗದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಾಡಿಗೆ ದನ ಹೊಡೆದುಕೊಂಡು ಹೋಗಿದ್ದನ್ನು, ಸೊಪ್ಪು ತಂದಿದ್ದನ್ನು ವೈದ್ಯರಿಗೆ ಹೇಳಿ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ.

ದಿನಕ್ಕೆರಡು ಬಾರಿ ಕೆಚ್ಚಲು ತೊಳೆಯುವುದನ್ನು ನೀವು ಮರೆಯುವುದಿಲ್ಲ. ರಾತ್ರಿ ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ, ಮಲಗುವ ಮೊದಲು ಆ 2 ನಿಮಿಷವನ್ನು ನಿಮ್ಮ ಬಾಯಿಗೂ ಕೊಡಿ.

– ಪಶು ವೈದ್ಯಾಧಿಕಾರಿ, ರವೀಂದ್ರನಗರ, ಶಿವಮೊಗ್ಗ