ಸುಮೊ ನೋಡಲು ಬೆಳಗ್ಗೆಯೇ ಹೋಗಿ

ಜಪಾನಿಗೆ ಹೊರಟವರಲ್ಲಿ ಅನೇಕರು ಸುಮೊ ಕುಸ್ತಿಯನ್ನು ‘ಬಿಡುವು ಸಿಕ್ಕರೆ ನೋಡೋಣ’ ಎಂದು ಕೊನೆಗೆ ಇಟ್ಟುಕೊಳ್ಳುತ್ತಾರೆ. ಹಾಗಿಟ್ಟುಕೊಂಡರೆ ಅದು ಕೈಗೆ ಸಿಗುವುದಿಲ್ಲ. ವೃತ್ತಿಪರ ಸುಮೊದ ಮಹಾ ಪಂದ್ಯಾವಳಿ ನಡೆಯುವುದು ವರ್ಷಕ್ಕೆ ಆರೇ ಸಲ. ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ಟೋಕಿಯೊ, ಮಾರ್ಚ್‌ನಲ್ಲಿ ಒಸಾಕಾ, ಜುಲೈನಲ್ಲಿ ನಗೋಯಾ, ನವೆಂಬರ್‌ನಲ್ಲಿ ಫುಕುವೊಕಾ. ಪ್ರತಿಯೊಂದೂ ಭಾನುವಾರ ಶುರುವಾಗಿ 15 ದಿನ ನಡೆಯುತ್ತದೆ. ಮೊದಲು ಈ ದಿನಾಂಕ ನೋಡಿ, ಆಮೇಲೆ ವಿಮಾನದ ಟಿಕೆಟ್ ತೆಗೆಯಿರಿ.

ಪಂದ್ಯದ ಟಿಕೆಟ್ ಮಾರಾಟಕ್ಕೆ ಬರುವುದು ಸುಮಾರು ಒಂದು ತಿಂಗಳು ಮೊದಲು. ಈಚಿನ ವರ್ಷಗಳಲ್ಲಿ ಟೋಕಿಯೊದ ಟಿಕೆಟ್‌ಗಳು ಬಹಳ ಬೇಗ ಖಾಲಿಯಾಗುತ್ತಿವೆ. ಜಪಾನ್ ಸುಮೊ ಸಂಘದ ಅಧಿಕೃತ ಮಾರಾಟ ತಾಣದಲ್ಲಿ ಇಂಗ್ಲಿಷ್ ಪುಟವೂ ಇದೆ. ಮಾರಾಟ ತೆರೆಯುವ ದಿನವನ್ನು ಬರೆದಿಟ್ಟುಕೊಂಡು, ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿರುವುದನ್ನು ಲೆಕ್ಕ ಹಾಕಿ ಕುಳಿತುಕೊಳ್ಳಿ. ಟಿಕೆಟ್ ಸಿಗದಿದ್ದರೆ, ಪಂದ್ಯಾವಳಿಗಳ ನಡುವೆ ಊರೂರಿಗೆ ಹೋಗುವ ಪ್ರದರ್ಶನ ಪ್ರವಾಸಗಳೂ ಇವೆ.

ಯಾವ ಜಾಗ ಹಿಡಿಯಬೇಕು?

ಕಣಕ್ಕೆ ಅಂಟಿದಂತಿರುವ ದಿಂಬಿನ ಸಾಲು ಎಲ್ಲಕ್ಕಿಂತ ದುಬಾರಿ. ಅಲ್ಲಿ ತಿನ್ನುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಮೇಲಾಗಿ, ನೂರೈವತ್ತು ಕಿಲೊ ತೂಕದ ಜಟ್ಟಿ ನಿಮ್ಮ ಮೇಲೆಯೇ ಬಂದು ಬೀಳಬಹುದು. ಅದರ ಹಿಂದೆ ‘ಮಸುಸೆಕಿ’ ಎಂಬ ಚೌಕಗಳಿವೆ. ಚಪ್ಪಲಿ ಬಿಟ್ಟು, ನಾಲ್ವರು ಚಕ್ಕಳಮಕ್ಕಳ ಹಾಕಿ ಕೂರುವ ಜಾಗ. ಆದರೆ ಒಂದು ಚೌಕದ ಅಗಲ ಒಂದೂಕಾಲು ಮೀಟರಿನ ಆಸುಪಾಸು ಅಷ್ಟೇ. ಮಂಡಿ ನೋವಿನವರು, ಹಿರಿಯರು ಇದ್ದರೆ ಇದರ ಆಸೆ ಬಿಟ್ಟು ಮೇಲಿನ ಮಹಡಿಯ ಕುರ್ಚಿ ತೆಗೆದುಕೊಳ್ಳಿ. ಅಲ್ಲಿಂದಲೂ ಕಣ ಚೆನ್ನಾಗಿ ಕಾಣುತ್ತದೆ, ಬೆಲೆಯೂ ಕಡಿಮೆ.

ಆ ದಿನ

ಟೋಕಿಯೊದ ಸುಮೊ ಮಂದಿರ ಕೊಕುಗಿಕಾನ್. 1985ರಲ್ಲಿ ತೆರೆದದ್ದು, ಸುಮಾರು 11,000 ಜನ ಹಿಡಿಸುತ್ತದೆ. ಅಕಿಹಬಾರದಿಂದ ಸೋಬು ಮಾರ್ಗದ ರೈಲು ಹತ್ತಿದರೆ ಎರಡನೆಯ ನಿಲ್ದಾಣವೇ ರ್ಯೋಗೊಕು. ಪಶ್ಚಿಮ ದ್ವಾರದಿಂದ ಹೊರಬಿದ್ದರೆ ಜಟ್ಟಿಗಳ ಹೆಸರು ಬರೆದ ಬಣ್ಣದ ಬಾವುಟಗಳೇ ದಾರಿ ತೋರಿಸುತ್ತವೆ.

ಹೆಚ್ಚಿನ ಪ್ರವಾಸಿಗರು ಮೂರು ಗಂಟೆಯ ಮೇಲೆ ಬರುತ್ತಾರೆ. ನನ್ನ ಮಾತು ಕೇಳಿ, ಹತ್ತರ ಸುಮಾರಿಗೇ ಒಳಗಿರಿ. ಸುಮೊ ಎಂದರೆ ಶ್ರೇಣಿ. ಬೆಳಗ್ಗೆ ಎಂಟೂವರೆಯ ಆಸುಪಾಸಿನಲ್ಲಿ ಅತಿ ಕೆಳಗಿನ ಹುಡುಗರಿಂದ ಶುರುವಾದ ಪಂದ್ಯಗಳು ಮೆಟ್ಟಿಲು ಮೆಟ್ಟಿಲಾಗಿ ಏರಿ, ಸಂಜೆ ಆರರ ಹೊತ್ತಿಗೆ ಯೊಕೊಜುನಾ, ಅಂದರೆ ಮಹಾಜಟ್ಟಿಯವರೆಗೆ ಬರುತ್ತವೆ. ತಳ ನೋಡದವರಿಗೆ ತುದಿಯ ಎತ್ತರ ತಿಳಿಯುವುದಿಲ್ಲ. ಬೆಳಗಿನ ಹುಡುಗರಿಗೆ ಕಪ್ಪು ಹತ್ತಿಯ ಲಂಗೋಟಿ. ಅವರು ಉಪ್ಪು ಎರಚುವುದಿಲ್ಲ, ಅವರಿಗೆ ತಿಂಗಳ ಸಂಬಳವೂ ಇಲ್ಲ. ಮೇಲಿನಿಂದ ಎರಡನೆಯ ಶ್ರೇಣಿಯಾದ ‘ಜೂರ್ಯೋ’ ಮುಟ್ಟಿದ ಮೇಲೆಯೇ ಸಂಬಳ, ಬಣ್ಣದ ರೇಷ್ಮೆ, ವಿಶೇಷ ಜುಟ್ಟು. ತೀರ್ಪುಗಾರರ ಕಾಲುಗಳನ್ನೂ ಗಮನಿಸಿ. ಬೆಳಗ್ಗೆ ಬರಿಗಾಲು, ಮಧ್ಯಾಹ್ನ ಬಿಳಿ ಕಾಲುಚೀಲ, ಸಂಜೆ ಚಪ್ಪಲಿ. ಕೊನೆಗೆ ಬರುವ ಹಿರಿಯನ ಸೊಂಟದಲ್ಲಿ ಬಾಕು ಇರುತ್ತದೆ. ತೀರ್ಪು ತಪ್ಪಿದರೆ ಹೊಟ್ಟೆ ಬಗಿದುಕೊಳ್ಳಲು ಸಿದ್ಧ ಎಂಬುದರ ಗುರುತು ಅದು.

ಮಧ್ಯಾಹ್ನ ಹೊರಗೆ ಹೋಗಿ ಒಮ್ಮೆ ಮರಳಿ ಬರಲು ಅವಕಾಶವಿದೆ. ನೆಲಮಾಳಿಗೆಯಲ್ಲಿಯೇ ಸುಟ್ಟು ಮಾಡುವ ಕೋಳಿಯ ಯಾಕಿತೊರಿ ಇಲ್ಲಿನ ಹೆಸರುವಾಸಿ ತಿನಿಸು. ಸಸ್ಯಾಹಾರಿಗಳು ಹೊರಗೇ ಊಟ ಮುಗಿಸಿಕೊಳ್ಳುವುದು ಲೇಸು.

ಎರಡೂವರೆಯ ಮೊದಲೇ ಜಾಗದಲ್ಲಿರಿ. ಮೊದಲು ಜೂರ್ಯೋ ಪಂದ್ಯಗಳು. ಮೂರೂಮುಕ್ಕಾಲರ ಸುಮಾರಿಗೆ ಮೇಲ್ಶ್ರೇಣಿಯವರು ಕಸೂತಿ ಹಾಕಿದ ಮುಂಬಟ್ಟೆ ತೊಟ್ಟು ಕಣ ಪ್ರವೇಶಿಸುತ್ತಾರೆ. ಬೆನ್ನಿಗೇ ಸೊಂಟಕ್ಕೆ ದಪ್ಪ ಬಿಳಿ ಹಗ್ಗ ಬಿಗಿದ ಯೊಕೊಜುನಾಗಳು, ಜೊತೆಗೆ ಕತ್ತಿ ಹಿಡಿದ ಒಬ್ಬ ಜಟ್ಟಿ. 2025ರಲ್ಲಿ ಮಂಗೋಲಿಯಾದ ಹೋಶೋರ್ಯು, ಜಪಾನಿನ ಓನೊಸಾತೊ ಇಬ್ಬರೂ ಈ ಪದವಿಗೇರಿದರು.

ಮೈಸೂರು ದಸರಾದ ನಾಡಕುಸ್ತಿ ನೋಡಿ ಬೆಳೆದವರು ಇಲ್ಲಿ ಚಿತ್ ಮಾಡುವುದನ್ನು ಕಾಯಬೇಡಿ. ಪಾದವೊಂದನ್ನು ಬಿಟ್ಟು ಮೈಯ ಯಾವ ಭಾಗ ನೆಲ ಮುಟ್ಟಿದರೂ, 4.55 ಮೀಟರಿನ ವೃತ್ತದಾಚೆ ಕಾಲಿಟ್ಟರೂ ಸೋಲೇ. ಎಷ್ಟೋ ಪಂದ್ಯಗಳು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತವೆ. ಆದರೆ ಅದಕ್ಕೆ ಮೊದಲು ನಾಲ್ಕು ನಿಮಿಷದವರೆಗೂ ಉಪ್ಪು ಎರಚುವುದು, ಕುಕ್ಕರಗಾಲಲ್ಲಿ ಕೂತು ದಿಟ್ಟಿಸುವುದು, ಎದ್ದು ಮೂಲೆಗೆ ಹೋಗುವುದು ನಡೆಯುತ್ತದೆ. ಆಗ ಫೋನ್ ನೋಡಬೇಡಿ. ಪಂದ್ಯದ ಅರ್ಧ ಆ ನೋಟದಲ್ಲೇ ನಡೆಯುತ್ತದೆ. ಸಮಯ ಮುಗಿದಾಗ ಸಭೆ ಒಮ್ಮೆಲೇ ಗದ್ದಲ ಎಬ್ಬಿಸುತ್ತದೆ. ನೀವೂ ಮೆಚ್ಚಿದವನ ಹೆಸರು ಕೂಗಿ. ಯೊಕೊಜುನಾ ಕೆಳಗಿನವನಿಗೆ ಸೋತಾಗ ಜನ ದಿಂಬು ಎಸೆಯುವುದುಂಟು. ಅದು ನಿಷಿದ್ಧ, ನೀವು ಎಸೆಯಬೇಡಿ.

ಒಂದು ನಿಯಮವನ್ನು ತಿಳಿದಿರಬೇಕು: ಹೆಣ್ಣುಮಕ್ಕಳು ಎಲ್ಲಿ ಬೇಕಾದರೂ ಕೂತು ನೋಡಬಹುದು, ಕಣ ಹತ್ತುವಂತಿಲ್ಲ. 2018ರಲ್ಲಿ ಮೈಜುರು ನಗರದ ಕಣದಲ್ಲಿ ಕುಸಿದ ಮೇಯರ್‌ಗೆ ಪ್ರಥಮ ಚಿಕಿತ್ಸೆ ಕೊಡಲು ಹತ್ತಿದ ಮಹಿಳೆಯರನ್ನು ಇಳಿಯಲು ಹೇಳಲಾಯಿತು. ಸಂಘ ಆಮೇಲೆ ಕ್ಷಮೆ ಕೇಳಿತು. ನಿಯಮ ಮಾತ್ರ ಹಾಗೇ ಇದೆ. ಸುಮೊವನ್ನು ಇಷ್ಟು ಪ್ರೀತಿಸುವ ನನಗೂ ಇದನ್ನು ಒಪ್ಪಲಾಗುವುದಿಲ್ಲ.

ಕೊನೆಯ ಪಂದ್ಯ ಮುಗಿದೊಡನೆ ಎದ್ದು ಓಡಬೇಡಿ. ಜಟ್ಟಿಯೊಬ್ಬ ಬಿಲ್ಲು ತಿರುಗಿಸುವ ‘ಯುಮಿತೊರಿ’ ಆದ ಮೇಲೆಯೇ ದಿನ ಮುಗಿಯುವುದು. ಆಮೇಲೂ ರೈಲು ನಿಲ್ದಾಣದಲ್ಲಿ ನೂಕುನುಗ್ಗಲಿರುತ್ತದೆ. ಆ ಹೊತ್ತನ್ನು ರ್ಯೋಗೊಕುವಿನ ಬೀದಿಗಳಲ್ಲಿರುವ ಚಾಂಕೊ ಹೋಟೆಲುಗಳಲ್ಲಿ ಕಳೆಯಬಹುದು. ಜಟ್ಟಿಗಳ ನಿತ್ಯದ ಊಟವಾದ ಆ ಬಿಸಿ ಸಾರಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ಹಂಚಿ ತಿನ್ನುತ್ತಾರೆ. ಪಂದ್ಯಾವಳಿಯ ದಿನಗಳಲ್ಲಿ ಅವು ತುಂಬಿರುವುದರಿಂದ ಮೊದಲೇ ಜಾಗ ಕಾದಿರಿಸಿ. ತರಕಾರಿ, ತೋಫು ಮಾತ್ರ ಕಂಡರೂ ಸಾರಿಗೆ ಮೀನೋ ಕೋಳಿಯೋ ಬಿದ್ದಿರುತ್ತದೆ. ಬೇಡದವರು ಕಾದಿರಿಸುವಾಗಲೇ ಕೇಳಿಕೊಳ್ಳಿ.