ಗೂಗೆಯೂ ಸೊಳ್ಳೆಯೂ

ನ್ಯೂಜಿಲೆಂಡ್ ದ್ವೀಪಗಳಲ್ಲಿ ನಗುವ ಗೂಗೆಯೆಂಬ ಪಕ್ಷಿಯು ಇದ್ದಿತು. ಒಂದು ಅಡಿಗೆ ಮಿಕ್ಕಿದ ಈ ಪಕ್ಷಿಯು ಬಂಡೆಗಳ ಸಂದುಗಳಲ್ಲಿ ನೆಲದ ಮೇಲೆಯೇ ಎರಡು ಮೊಟ್ಟೆಗಳನ್ನಿಡುತ್ತಿತ್ತು. ಮೊಲಗಳ ಹಾವಳಿಯನ್ನು ತಡೆಯುವದಕ್ಕಾಗಿ 1880ರ ದಶಕದಲ್ಲಿ ಜನರು ಮುಂಗುಸಿಯನ್ನು ಹೋಲುವ ಸ್ಟೋಟ್ ಎಂಬ ಪ್ರಾಣಿಗಳನ್ನು ಹೊರದೇಶದಿಂದ ತಂದು ಬಿಟ್ಟರು. ಅವು ಹಕ್ಕಿಗಳನ್ನೂ ಕೊಂದವು. 1914ರಲ್ಲಿ ಸತ್ತು ಬಿದ್ದಿದ್ದ ಗೂಗೆಯೇ ನಿಶ್ಚಯವಾಗಿ ಕಂಡುಬಂದ ಕಡೆಯದು.

ಸೊಳ್ಳೆಯನ್ನಾದರೋ ನಾವು ದಿನಾಲು ಹೊಗೆಯಿಕ್ಕಿ ಓಡಿಸುತ್ತೇವೆ, ಕೈಯಿಂದ ಹೊಡೆಯುತ್ತೇವೆ. ಆದರೂ ಅದು ನಿಂತ ನೀರಿನಲ್ಲಿ ಒಂದೇ ಸಾರಿ ನೂರಕ್ಕೆ ಮಿಕ್ಕಿ ಮೊಟ್ಟೆಗಳನ್ನಿಟ್ಟು, ಕೆಲವೇ ದಿನಗಳಲ್ಲಿ ತನ್ನ ನಷ್ಟವನ್ನು ತುಂಬಿಕೊಳ್ಳುತ್ತದೆ. ಎರಡೇ ಮೊಟ್ಟೆಯ ಗೂಗೆಗೆ ಅದು ಆಗಲಿಲ್ಲ. ಅಳಿಯಲೆಂದದ್ದು ಉಳಿಯಿತು, ಅಳಿಯಲೆಂದು ಯಾರೂ ಬಯಸದ್ದು ಅಳಿಯಿತು. ಆದದರಿಂದ ಒಂದು ಕೇಡನ್ನು ತೆಗೆಯಲು ಹೊಸದೊಂದನ್ನು ತರುವ ಮುಂಚೆ, ಅಲ್ಲಿ ಮೊದಲೇ ವಾಸಿಸುವ ಜೀವಿಗಳನ್ನು ನೆನಸಿಕೊಳ್ಳೋಣ.