ಉಳಿಕೆ ಚುನಾವಣೆ: ಕುಕ್ ಕೌಂಟಿಯ ವಿಚಾರಣಾ ನ್ಯಾಯಾಧೀಶರು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಶಿಕಾಗೊ ನಗರವನ್ನು ಒಳಗೊಂಡಿರುವ ಕೌಂಟಿ ಕುಕ್. ಇಲ್ಲಿನ ಸಿವಿಲ್, ಕ್ರಿಮಿನಲ್ ಮೊಕದ್ದಮೆಗಳ ವಿಚಾರಣೆ ನಡೆಯುವುದು ಸರ್ಕ್ಯೂಟ್ ನ್ಯಾಯಾಲಯದಲ್ಲಿ. ಸರ್ಕ್ಯೂಟ್ ನ್ಯಾಯಾಧೀಶರಾಗಬಯಸುವ ವಕೀಲರು ಮೊದಲು ಪಕ್ಷದ ಪ್ರಾಥಮಿಕ ಚುನಾವಣೆ ಗೆದ್ದು, ನಂತರ ಸಾರ್ವತ್ರಿಕ ಚುನಾವಣೆ ಎದುರಿಸುತ್ತಾರೆ. ನಡುವೆ ಸ್ಥಾನ ತೆರವಾದರೆ ರಾಜ್ಯದ ಸುಪ್ರೀಂ ಕೋರ್ಟ್ ತಾತ್ಕಾಲಿಕವಾಗಿ ನೇಮಕ ಮಾಡುತ್ತದೆ. ಅಧಿಕಾರಾವಧಿ 6 ವರ್ಷ.

ಅವಧಿ ಮುಗಿಯುವಾಗ ಹುದ್ದೆಯಲ್ಲಿ ಮುಂದುವರಿಯಲು ಬಯಸುವವರಿಗೆ ಎದುರಾಳಿ ಇರುವುದಿಲ್ಲ. ಮತಪತ್ರದಲ್ಲಿ ಪಕ್ಷದ ಹೆಸರೂ ಇರುವುದಿಲ್ಲ. ಇವರನ್ನು ಉಳಿಸಿಕೊಳ್ಳಬೇಕೆ ಎಂಬ ಒಂದೇ ಪ್ರಶ್ನೆಗೆ ಮತದಾರರು ‘ಹೌದು’ ಅಥವಾ ‘ಇಲ್ಲ’ ಎನ್ನುತ್ತಾರೆ. ಇದೇ ಉಳಿಕೆ ಚುನಾವಣೆ. ಇಲಿನಾಯ್‌ನಲ್ಲಿ ಗೆಲ್ಲಲು ಶೇ 60 ‘ಹೌದು’ ಮತ ಬೇಕು. ಮಿಸೌರಿಯಂಥ ರಾಜ್ಯಗಳಲ್ಲಿ ಸರಳ ಬಹುಮತ ಸಾಕು.

ಈ ಪದ್ಧತಿಯನ್ನು ಮೊದಲು ಅಳವಡಿಸಿಕೊಂಡದ್ದು ಕ್ಯಾಲಿಫೋರ್ನಿಯಾ, 1934ರಲ್ಲಿ. 1940ರ ಮಿಸೌರಿ ಯೋಜನೆ ಇದಕ್ಕೆ ಇನ್ನೊಂದು ಹಂತ ಸೇರಿಸಿತು: ಆಯೋಗವು ಮೂವರ ಹೆಸರು ಸೂಚಿಸುತ್ತದೆ, ಗವರ್ನರ್ ಒಬ್ಬರನ್ನು ನೇಮಿಸುತ್ತಾರೆ, ಆಮೇಲೆ ಜನ ಮತ ಹಾಕುತ್ತಾರೆ.

ಪದ್ಧತಿಯ ನಿಜವಾದ ದೌರ್ಬಲ್ಯ ಮತದಾರರ ಮಾಹಿತಿಯ ಕೊರತೆ. ಕುಕ್ ಕೌಂಟಿಯ ಮತಪತ್ರದಲ್ಲಿ ಒಮ್ಮೆಗೆ ಹತ್ತಾರು ನ್ಯಾಯಾಧೀಶರ ಹೆಸರುಗಳಿರುತ್ತವೆ. ಅಷ್ಟೂ ಜನರ ತೀರ್ಪುಗಳನ್ನು ಸಾಮಾನ್ಯ ಮತದಾರ ಅರಿತಿರುವುದು ಕಷ್ಟ. ಹೀಗಾಗಿ ವಕೀಲರ ಸಂಘಗಳು ನೀಡುವ ‘ಅರ್ಹ’, ‘ಅನರ್ಹ’ ಎಂಬ ಮೌಲ್ಯಮಾಪನಕ್ಕೆ ಬಹಳ ಬೆಲೆ. ಸೋಲು ಮಾತ್ರ ಅಪರೂಪ: 1990ರ ನಂತರ ಅಲ್ಲಿ ಒಬ್ಬ ನ್ಯಾಯಾಧೀಶರು ಉಳಿಕೆ ಚುನಾವಣೆಯಲ್ಲಿ ಮೊದಲ ಬಾರಿಗೆ ಸೋತದ್ದು 2018ರಲ್ಲಿ.